ಮೀಟರ್ ಮೇಲೆ ಒಂದೂವರೆ

ಬೆಂಗಳೂರಿನ ನಮ್ಮ ಸಿದ್ದಾಪುರದಲ್ಲಿ ಚಂದಾ ಎತ್ತುವುದಕ್ಕೂ ಒಂದು ಪಂಚಾಂಗವಿದೆ. ಭಾದ್ರಪದಕ್ಕೆ ಗಣೇಶ, ನವೆಂಬರಿಗೆ ರಾಜ್ಯೋತ್ಸವ, ನಡುನಡುವೆ ಅಣ್ಣಮ್ಮ ದೇವಿ, ಅಭಿಮಾನದ ನಟರ ಹುಟ್ಟುಹಬ್ಬ. ಕೇಳುವವರಿಗೂ ಕೊಡುವವರಿಗೂ ತಂತಮ್ಮ ಮಾತು ಬಾಯಿಪಾಠ. ‘ಈ ಸಲ ವ್ಯಾಪಾರ ಡಲ್ಲು’ ಎಂದು ಇವರು ಅನ್ನಬೇಕು, ‘ಹೋದ ವರ್ಷ ಐನೂರು ಕೊಟ್ಟಿದ್ರಿ ಅಣ್ಣಾ’ ಎಂದು ಅವರು ರಶೀದಿ ಪುಸ್ತಕ ತಿರುವಬೇಕು, ಮುನ್ನೂರಕ್ಕೆ ಇತ್ಯರ್ಥವಾಗಬೇಕು. ಕೊಟ್ಟ ದುಡ್ಡಿಗೆ ಪೆಂಡಾಲು ಕಣ್ಣಿಗೆ ಕಾಣುತ್ತದೆ, ಆರ್ಕೆಸ್ಟ್ರಾ ಕಿವಿಗೆ ಕೇಳುತ್ತದೆ. ಬೇಡವೆಂದರೂ ಕೇಳುತ್ತದೆ. ಇಂಥ ಊರಿನಲ್ಲಿ, ‘ಒಬ್ಬ ಹುಡುಗ ಹನ್ನೆರಡು ಗಂಟೆ ಹೊತ್ತು ಒಂದೇ ಮೈದಾನ ಸುತ್ತುತ್ತಾನೆ, ಕಿಲೋಮೀಟರಿಗೆ ಇಷ್ಟು ಅಂತ ಬರೆಸಿ’ ಎಂದು ಮನೆಮನೆಗೂ ಅಂಗಡಿ ಅಂಗಡಿಗೂ ಹೋಗಿ ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಹುಡುಗನೆಂದರೆ ನನ್ನ ಸೋದರಳಿಯ. ಅಕ್ಕನ ಮಗ. ಬಿಟಿಎಂ ಲೇಔಟಿನಲ್ಲಿ ಕಂಪ್ಯೂಟರ್ ಕೆಲಸ, ಬೆಳಗಿನ ಜಾವ ಲಾಲ್‌ಬಾಗಿನಲ್ಲಿ ಓಟ. “ಓಡೋದು ನನ್ನ ಕೆಲಸ, ಕೇಳೋದು ನಿಮ್ಮದು ಮಾವ. ನೀವು ಪೋಸ್ಟಾಫೀಸಿನಲ್ಲಿದ್ದು ಇಡೀ ಏರಿಯಾಗೆ ಆರ್‌ಡಿ ಕಟ್ಟಿಸಿದೋರು” ಎಂದು ಹೊಗಳಿ ಒಂದು ರಶೀದಿ ಪುಸ್ತಕ ಕೈಗಿಟ್ಟ. ಆರ್‌ಡಿ ಕಟ್ಟಿಸುವಾಗ ಐದು ವರ್ಷಕ್ಕೆ ಬಡ್ಡಿ ಸಮೇತ ವಾಪಸು ಬರುತ್ತದೆ ಎಂದು ಹೇಳಬಹುದಿತ್ತು. ಇಲ್ಲಿ ಏನು ವಾಪಸು ಬರುತ್ತದೆ? “ಅವನೇ ವಾಪಸು ಬರ್ತಾನಲ್ಲ, ಅಷ್ಟು ಸಾಕು” ಎಂದಳು ನನ್ನ ಹೆಂಡತಿ.

ದುಡ್ಡು ಯಾರಿಗೆಂದರೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಪರಊರಿನಿಂದ ಬರುವ ರೋಗಿಗಳ ಜೊತೆಯವರಿಗೆ ಊಟ, ಮಲಗಲು ಜಾಗ ನೋಡಿಕೊಳ್ಳುವ ಒಂದು ಸಣ್ಣ ಟ್ರಸ್ಟಿಗೆ. ಓಟ ಸಂಜೆ ಆರಕ್ಕೆ ಶುರು, ಬೆಳಗ್ಗೆ ಆರಕ್ಕೆ ಮುಕ್ತಾಯ. ನಾನೂರು ಮೀಟರಿನ ಟ್ರ್ಯಾಕು. ಎಷ್ಟು ಸುತ್ತು ಬರುತ್ತೀರೋ ಬನ್ನಿ, ಸುಸ್ತಾದರೆ ನಡೆಯಿರಿ, ಇನ್ನೂ ಸುಸ್ತಾದರೆ ಮಲಗಿ, ಯಾರೂ ಬೈಯುವುದಿಲ್ಲ. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಇದೇ ದೊಡ್ಡದೆಂದು ನಾನು ಬಾಯಿ ಬಿಟ್ಟರೆ ಅಳಿಯ ನಕ್ಕ. 2022ರ ಜುಲೈ 2 ಮತ್ತು 3ರಂದು ನಮ್ಮ ಕಂಠೀರವ ಸ್ಟೇಡಿಯಮ್ಮಿನಲ್ಲೇ ಏಷ್ಯಾ ಮತ್ತು ಓಷಿಯಾನಿಯಾದವರ ಇಪ್ಪತ್ನಾಲ್ಕು ಗಂಟೆ ಓಟದ ಚಾಂಪಿಯನ್‌ಶಿಪ್ ನಡೆಯಿತಂತೆ. ಗೆದ್ದ ಅಮರ್ ಸಿಂಗ್ ದೇವಂದಾ 250 ಕಿಲೋಮೀಟರಿಗೂ ಹೆಚ್ಚು ಓಡಿದರಂತೆ. ಎಂದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗಿ, ತಿರುಗಿ ರಾಮನಗರದ ತನಕ ಬಂದಷ್ಟು. ವ್ಯತ್ಯಾಸವೆಂದರೆ ಮೈಸೂರು ದಾರಿಯಲ್ಲಿ ಮದ್ದೂರು ವಡೆ ಸಿಗುತ್ತದೆ. ಇಲ್ಲಿ ಅದೇ ನಾಲ್ಕು ಲೈಟುಕಂಬ.

ವಿಷಯ ಕೇಳಿದವರೆಲ್ಲ ಮೊದಲು ಎತ್ತಿದ ಪ್ರಶ್ನೆಯನ್ನು ನನ್ನ ಹೆಂಡತಿ ಎಲ್ಲರಿಗಿಂತ ಮೊದಲೇ ಎತ್ತಿದ್ದಳು. “ಹನ್ನೆರಡು ಸಾವಿರದ ಶೂ, ಓಟಕ್ಕೆ ಫೀಸು, ಅದೇನೋ ಜೆಲ್ ಅಂತೆ, ಸಾಕ್ಸ್ ಅಂತೆ. ಅಷ್ಟನ್ನೂ ಆ ಟ್ರಸ್ಟಿಗೇ ಕೊಟ್ಟು ಮನೇಲಿ ಮಲಗಿದ್ರೆ ಪುಣ್ಯ ಕಮ್ಮಿ ಆಗುತ್ತಾ?” ಲೆಕ್ಕದ ಪ್ರಕಾರ ಅವಳ ಮಾತಿನಲ್ಲಿ ಒಂದು ಪೈಸೆಯ ತಪ್ಪೂ ಇರಲಿಲ್ಲ. ನಾನು ರಶೀದಿ ಪುಸ್ತಕ ಹಿಡಿದು ಹೊರಟಿದ್ದೇ ಉತ್ತರ ಹುಡುಕಿಕೊಂಡು ಎನ್ನಬೇಕು.

ಮೊದಲು ಓದು ಬಂದವರನ್ನೇ ಕೇಳೋಣವೆಂದು ಜಯನಗರದ ಕಡೆಯ ಪರಿಚಯದವರಿಗೆ ಫೋನು ಮಾಡಿದೆ. ಎಲ್ಲರೂ ಬಹಳ ಸಂತೋಷಪಟ್ಟರು. ಟ್ರಸ್ಟಿನ ಆಡಳಿತದ ಖರ್ಚು ಶೇಕಡಾ ಎಷ್ಟೆಂದು ಒಬ್ಬರು ವಿಚಾರಿಸಿದರು. 80ಜಿ ತೆರಿಗೆ ರಿಯಾಯಿತಿ ಉಂಟೋ ಎಂದು ಇನ್ನೊಬ್ಬರು ಕೇಳಿದರು. ಮಂಡಿ ಸವೆತಕ್ಕೆ ತಾವು ತೋರಿಸುವ ಆಯುರ್ವೇದ ಡಾಕ್ಟರ ನಂಬರನ್ನು ಮತ್ತೊಬ್ಬರು ಕೇಳದೆಯೇ ಕೊಟ್ಟರು. ಕೊನೆಗೆ ಎಲ್ಲರದೂ ಒಂದೇ ಮಾತು: “ಲಿಂಕ್ ಕಳಿಸಿ.” ಹಿಂದೆ ‘ನೋಡೋಣ’, ‘ಮುಂದಿನ ವಾರ ಬನ್ನಿ’ ಎಂದೆಲ್ಲ ಕಷ್ಟಪಟ್ಟು ಹೇಳಬೇಕಾಗಿದ್ದನ್ನು ಈಗ ಎರಡು ಪದದಲ್ಲಿ ಮುಗಿಸಬಹುದು. ಲಿಂಕ್ ಕಳಿಸಿದೆ. ವಾಟ್ಸಾಪ್ ಗ್ರೂಪಿನಲ್ಲಿ ಚಪ್ಪಾಳೆಗಳ ಸುರಿಮಳೆ, ಮುಗಿದ ಕೈಗಳು, ಬಿಗಿದ ತೋಳುಗಳು. ಅದರ ಕೆಳಗೆ ಯಾರೋ ಸಕ್ಕರೆ ಕಾಯಿಲೆಗೆ ಮೆಂತ್ಯದ ನೀರು ಒಳ್ಳೆಯದೆಂಬ ವಿಡಿಯೋ ಹಾಕಿದರು. ಲಿಂಕು ಮೇಲಕ್ಕೆ ಹೋಗಿ ಮರೆಯಾಯಿತು.

ಆಮೇಲೆ ನಮ್ಮ ಬೀದಿಗೇ ಇಳಿದೆ.

ಲಾಲ್‌ಬಾಗಿನ ಸಿದ್ದಾಪುರ ಗೇಟಿನ ಹತ್ತಿರದ ಆಟೋದವರ ಹತ್ತಿರ ಹೋಗಿ, ಕಿಲೋಮೀಟರಿಗೆ ಒಂದು ರೂಪಾಯಿ ಬರೆಸಬಹುದಾ ಎಂದು ಕೇಳಿದೆ. ಕಾಕಿ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ಹಿಂದಿನ ಸೀಟಿನಲ್ಲಿ ಕಾಲು ಚಾಚಿದ್ದ ಹಿರಿಯರೊಬ್ಬರು ಎದ್ದು ಕೂತರು. “ಏನ್ ಸಾರ್, ಕಿಲೋಮೀಟರ್‌ಗೆ ಒಂದ್ ರೂಪಾಯಾ? ಸರ್ಕಾರದೋರೇ ನಮಗೆ ಹದಿನೆಂಟು ಮಾಡವ್ರೆ. ಹುಡುಗನ್ನ ಇಷ್ಟು ಚೀಪಾಗಿ ಓಡಿಸ್ತಿದೀರಲ್ಲ!”

“ಅವನಿಗೆ ಗ್ಯಾಸಿನ ಖರ್ಚಿಲ್ಲವಲ್ಲಪ್ಪ.”

“ರಾತ್ರಿ ಓಡ್ತಾನಾ?”

“ಸಂಜೆ ಆರರಿಂದ ಬೆಳಗ್ಗೆ ಆರು.”

“ಹಂಗಾದ್ರೆ ಹತ್ತರ ಮೇಲೆ ಒಂದೂವರೆ ಆಗುತ್ತೆ ಸಾರ್. ಬರ್ಕೊಳ್ಳಿ. ಹತ್ತರಿಂದ ಐದರ ತನಕ ಕಿಲೋಮೀಟರ್‌ಗೆ ಒಂದೂವರೆ ರೂಪಾಯಿ. ನ್ಯಾಯ ಅಂದ್ರೆ ನ್ಯಾಯ.”

ಬರೆದುಕೊಂಡೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಾನು ಆಟೋದವರ ಬಾಯಲ್ಲಿ ‘ಒಂದೂವರೆ’ ಎಂಬ ಮಾತನ್ನು ಎಷ್ಟು ಸಲ ಕೇಳಿ, ಎಷ್ಟು ಸಲ ಜಗಳವಾಡಿ, ಎಷ್ಟು ಸಲ ಇಳಿದು ನಡೆದಿದ್ದೇನೋ. ಅವರಾಗಿಯೇ ತಮ್ಮ ಜೇಬಿನಿಂದ ಒಂದೂವರೆ ಕೊಡುತ್ತೇನೆಂದದ್ದನ್ನು ಕೇಳಿದ್ದು ಆವತ್ತೇ. ಅವರನ್ನು ನೋಡಿ ಪಕ್ಕದ ಆಟೋದವರೂ ಬರೆಸಿದರು. ಒಬ್ಬ ಮಾತ್ರ ‘ಆ ಕಡೆ ಬರಲ್ಲ’ ಎಂದ. ಅಭ್ಯಾಸಬಲ.

ಸಿದ್ದಾಪುರ ಮೊದಲಿನಿಂದಲೂ ಗಿಡ ಮಾರುವವರ ಊರು. ಲಾಲ್‌ಬಾಗಿನ ಬೇಲಿಗೆ ಅಂಟಿಕೊಂಡು ಬೆಳೆದದ್ದಲ್ಲವೇ. ನರ್ಸರಿಯ ಸಾಹೇಬರೊಬ್ಬರು ಗುಲಾಬಿಗೆ ಕಸಿ ಕಟ್ಟುತ್ತಿದ್ದವರು ತಲೆ ಎತ್ತದೆಯೇ ಎಲ್ಲ ಕೇಳಿಸಿಕೊಂಡರು. ದಾರ ಬಿಗಿದು, ಹಲ್ಲಿನಲ್ಲಿ ಕಡಿದು ತುಂಡು ಮಾಡಿ, “ಓಡಿದ್ರೆ ಕಿಲೋಮೀಟರ್‌ಗೆ ಒಂದು. ಓಡೋದು ನಿಲ್ಸಿದ್ರೆ ಎಷ್ಟು ಕೊಡ್ಬೇಕು ಹೇಳಿ. ನಂಗೆ ಆ ಹುಡುಗನ ಮಂಡಿ ಮೇಲೆ ಕನಿಕರ. ನಿಲ್ಸಿಬಿಡಿ, ಐನೂರು ಕೊಡ್ತೀನಿ” ಎಂದರು. ಪೇಚಿಗೆ ಸಿಕ್ಕಿ ಅಳಿಯನಿಗೆ ಫೋನು ಮಾಡಿದೆ. “ಅದನ್ನೂ ಬರ್ಕೊಳ್ಳಿ ಮಾವ. ಬೆಳಗ್ಗೆ ಆರಕ್ಕೆ ಹೇಗೂ ನಿಲ್ಲಿಸ್ತೀನಲ್ಲ” ಎಂದ. ಸಾಹೇಬರಿಗೆ ಹೇಳಿದೆ. ಅವರು ನಕ್ಕ ರಭಸಕ್ಕೆ ಕಸಿ ಬಿಚ್ಚಿಹೋಯಿತು.

ಹೂವಿನ ಅಜ್ಜಿಗೆ ಕಿಲೋಮೀಟರಿನ ಲೆಕ್ಕ ಹಿಡಿಸಲಿಲ್ಲ. “ಮೊಳಕ್ಕೆ ಎಷ್ಟು ಅಂತ ಹೇಳಪ್ಪ” ಎಂದಳು. ಆಮೇಲೆ ಕಿದ್ವಾಯಿ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಲೆಕ್ಕ ಕೇಳಲಿಲ್ಲ. ಸೊಂಟದ ಚೀಲದಿಂದ ಮಡಿಸಿದ ಇಪ್ಪತ್ತರ ನೋಟು ತೆಗೆದು, ಮಲ್ಲಿಗೆಯ ಒದ್ದೆ ಕೈಯಲ್ಲೇ ಕೊಟ್ಟಳು. ರಶೀದಿ ಬೇಡವೆಂದಳು. “ನಮ್ಮೆಜಮಾನ್ರನ್ನೂ ಅಲ್ಲಿಗೇ ಕರ್ಕೊಂಡೋಗಿದ್ದೆ” ಎಂದಷ್ಟೇ ಹೇಳಿ ಮುಂದಿನ ಗಿರಾಕಿಗೆ ಮೊಳ ಹಾಕತೊಡಗಿದಳು.

ಯೋಚಿಸಿದರೆ ನಮ್ಮ ಜನಕ್ಕೆ ಇದೇನೂ ಹೊಸದಲ್ಲ. ಮೈ ದಂಡಿಸಿಕೊಂಡವನ ಮಾತಿಗೆ ನಾವು ಬೇಗ ಕರಗುತ್ತೇವೆ. ಉರುಳುಸೇವೆ ಮಾಡುವವನಿಗೆ ದಾರಿ ಬಿಡುತ್ತೇವೆ. ಶಿವರಾತ್ರಿಗೆ ಮುಂಚೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟವರಿಗೆ ದಾರಿಯ ಊರುಗಳಲ್ಲಿ ಮಜ್ಜಿಗೆ, ಹಣ್ಣು ಕೊಡುವವರು ಅವರ ಹೆಸರನ್ನೂ ಕೇಳುವುದಿಲ್ಲ. ಅಷ್ಟೇಕೆ, ಬೆಂಗಳೂರಿನಲ್ಲಿ ರಾತ್ರಿ ಓಟದ ಸಂಪ್ರದಾಯ ಯಾವ ಕಂಪನಿಯ ಪ್ರಾಯೋಜಕತ್ವಕ್ಕೂ ಮೊದಲಿನದು. ಚೈತ್ರ ಹುಣ್ಣಿಮೆಗೆ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ನೋಡಿ. ತಲೆಯ ಮೇಲೆ ಹೂವಿನ ಕರಗ ಹೊತ್ತ ಪೂಜಾರಿ ಅದನ್ನು ಕೈಯಿಂದ ಮುಟ್ಟುವ ಹಾಗಿಲ್ಲ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಪೇಟೆ ಬೀದಿಗಳನ್ನೆಲ್ಲ ಸುತ್ತಿ ಗುಡಿಗೆ ಮರಳುವ ಹೊತ್ತಿಗೆ ಬೆಳಗಾಗಿರುತ್ತದೆ. ಎದೆಗೆ ನಂಬರು ಚೀಟಿ ಇಲ್ಲ, ಕಾಲಿಗೆ ಹನ್ನೆರಡು ಸಾವಿರದ ಶೂ ಇಲ್ಲ. ಹಾಗೆ ನೋಡಿದರೆ 2008ರಲ್ಲಿ ಶುರುವಾದ ನಮ್ಮ ವರ್ಲ್ಡ್ 10ಕೆ, ಅದರೊಳಗೆ ವೇಷ ಹಾಕಿಕೊಂಡು ಕುಣಿಯುತ್ತ ಹೋಗುವ ಮಜ್ಜಾ ರನ್, ಒಂದೊಂದು ಸಂಸ್ಥೆಯ ಹೆಸರಿನಲ್ಲಿ ದೇಣಿಗೆ ಎತ್ತಿಕೊಂಡು ಓಡುವ ಆಫೀಸಿನವರು, ಎಲ್ಲರೂ ಈಚಿನ ಭಕ್ತರು.

ಒಂದೇ ತಕರಾರು. ಹರಕೆಯಲ್ಲಿ ದಂಡಿಸಿಕೊಳ್ಳುವವನೂ ಕೊಡುವವನೂ ಒಬ್ಬನೇ. ಇಲ್ಲಿ ಕಾಲು ಒಬ್ಬರದು, ಜೇಬು ಇನ್ನೊಬ್ಬರದು. ಕೇಳುವವನೇ ದಂಡಿಸಿಕೊಳ್ಳಬೇಕೆಂಬ ಈ ನಿಯಮವನ್ನು ಯಾರು ಮಾಡಿದರೋ. ನಮ್ಮ ಕಡೆ ತಿರುಗುಮುರುಗಾಗಿಯೂ ನಡೆದದ್ದುಂಟು. 1934ರಲ್ಲಿ ಹರಿಜನ ನಿಧಿಗೆಂದು ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಹಟ ಹಿಡಿದು ಉಪವಾಸ ಕೂತದ್ದು ಕತೆಗಾರ್ತಿ ಕೊಡಗಿನ ಗೌರಮ್ಮ. ಗಾಂಧೀಜಿ ಬಂದರು, ಗೌರಮ್ಮ ಒಡವೆ ಬಿಚ್ಚಿ ಕೊಟ್ಟರು. ತನ್ನಿಂದ ತೆಗೆದುಕೊಳ್ಳಿ ಎಂದು ಕೊಡುವವರು ಊಟ ಬಿಟ್ಟ ನಾಡಿನಲ್ಲಿ ನಾನು ‘ಲಿಂಕ್ ಕಳಿಸಿ’ ಎಂಬ ಮಾತು ಕೇಳಿಸಿಕೊಂಡು ಓಡಾಡುತ್ತಿದ್ದೆ.

ಅಳಿಯನ ಆರಾಧ್ಯದೈವ ಬೇರೆ. ಅವನ ಕೋಣೆಯ ಗೋಡೆಯಲ್ಲಿ ಗುಂಗುರು ಕೂದಲಿನ ಒಬ್ಬ ಹುಡುಗನ ಚಿತ್ರವಿದೆ, ಬಲಗಾಲು ಕಬ್ಬಿಣದ್ದು. ಕೆನಡಾದ ಟೆರ್ರಿ ಫಾಕ್ಸ್. ಮೂಳೆ ಕ್ಯಾನ್ಸರಿನಿಂದ 1977ರಲ್ಲಿ ಮಂಡಿಯ ಮೇಲಕ್ಕೆ ಕಾಲು ತೆಗೆದರು. ಆಸ್ಪತ್ರೆಯಲ್ಲಿ ತನ್ನ ಜೊತೆಗಿದ್ದ ರೋಗಿಗಳನ್ನು ಮರೆಯಲಾರದೆ, ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಎತ್ತುತ್ತೇನೆಂದು 1980ರ ಏಪ್ರಿಲ್ 12ರಂದು ಅಟ್ಲಾಂಟಿಕ್ ದಂಡೆಯಿಂದ ಪೆಸಿಫಿಕ್ಕಿನ ಕಡೆ ಓಡಲು ಹೊರಟ. ಆಗ ಅವನಿಗೆ ಇಪ್ಪತ್ತೊಂದು ವಯಸ್ಸು. ದಿನಕ್ಕೆ ಒಂದು ಮ್ಯಾರಥಾನಿನ ಹತ್ತಿರ ಹತ್ತಿರ ದೂರ. ಒಳ್ಳೆ ಕಾಲಿನ ಮೇಲೆ ಎರಡು ಸಲ ಕುಪ್ಪಳಿಸಿ, ಕೃತಕ ಕಾಲನ್ನು ಮುಂದಕ್ಕೆ ಎಸೆದು ಓಡುವ ಅವನ ಓಟವನ್ನು ಅಳಿಯ ಮೊಬೈಲಿನಲ್ಲಿ ತೋರಿಸಿದ. ನೋಡುವವರ ಮಂಡಿಯೇ ಚುಳುಕ್ಕೆನ್ನುತ್ತದೆ. ಮೊದಮೊದಲು ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಪೋರ್ಟ್ ಓ ಬಾಸ್ಕ್ ಎಂಬ ಸಣ್ಣ ಊರಿಗೆ ಬಂದ. ಊರಿನ ಜನ ಹತ್ತು ಸಾವಿರ, ಅವರು ಕೂಡಿಸಿಕೊಟ್ಟದ್ದು ಹತ್ತು ಸಾವಿರ ಡಾಲರು. ಅಲ್ಲಿಂದ ಅವನ ಗುರಿ ಗಟ್ಟಿಯಾಯಿತು: ಕೆನಡಾದ ಪ್ರತಿಯೊಬ್ಬರಿಂದ ಒಂದೊಂದು ಡಾಲರು. 143 ದಿನ, 5,373 ಕಿಲೋಮೀಟರು ಓಡಿದ ಮೇಲೆ ಸೆಪ್ಟೆಂಬರ್ 1ರಂದು ಥಂಡರ್ ಬೇ ಊರಿನ ಹತ್ತಿರ ಕೆಮ್ಮು ಬಂದು ನಿಂತ. ಕ್ಯಾನ್ಸರು ಶ್ವಾಸಕೋಶಕ್ಕೆ ಬಂದಿತ್ತು. ಮುಂದಿನ ಫೆಬ್ರವರಿಯ ಹೊತ್ತಿಗೆ ನಿಧಿ ಎರಡು ಕೋಟಿ ನಲವತ್ತು ಲಕ್ಷ ಡಾಲರು ದಾಟಿತು. ಕೆನಡಾದ ಆಗಿನ ಜನಸಂಖ್ಯೆ ಸುಮಾರು ಅಷ್ಟೇ. ಜೂನ್ 28ಕ್ಕೆ ಅವನು ತೀರಿಕೊಂಡ.

ಇದನ್ನು ಕೇಳಿ ಸುಮ್ಮನಾಗಿದ್ದ ನನ್ನ ಹೆಂಡತಿ, ಕ್ಯಾಪ್ಟನ್ ಟಾಮ್ ಮೂರ್ ಸುದ್ದಿ ಕೇಳಿದ ಮೇಲೆ ಮತ್ತೆ ಬಾಯಿ ತೆರೆದಳು. ಇಂಗ್ಲೆಂಡಿನ ಆ ತಾತ 2020ರಲ್ಲಿ, ನೂರನೇ ಹುಟ್ಟುಹಬ್ಬದೊಳಗೆ ತನ್ನ ಮನೆಯ ತೋಟದಲ್ಲಿ ವಾಕರ್ ಹಿಡಿದು ನೂರು ಸಲ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆಂದ. ಒಂದು ಸಲಕ್ಕೆ 25 ಮೀಟರು. ಸಾವಿರ ಪೌಂಡು ಬಂದರೆ ಸಾಕೆಂದಿದ್ದ. ಬಂದದ್ದು ಮೂರು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. “ನೋಡಿ, ಎಲ್ಲಾ ಸೇರಿ ಎರಡೂವರೆ ಕಿಲೋಮೀಟರು. ಅದೂ ನಡಿಗೆ. ನಿಮ್ಮನ್ನೇ ಮೇಲಿನ ತಾರಸಿಯಲ್ಲಿ ನಡೆಸಿದ್ರೆ ಆಗ್ತಿತ್ತು, ಬಟ್ಟೆನಾದ್ರೂ ಒಣಗಿಸಿ ಬರ್ತಿದ್ರಿ.” ದೂರಕ್ಕೂ ದುಡ್ಡಿಗೂ ತಾಳೆಯಿಲ್ಲವೆಂಬುದು ಅವಳ ವಾದ. ನಿಜ. ಜನ ಕಿಲೋಮೀಟರಿಗೆ ಕೊಡುವುದೇ ಇಲ್ಲ. ಕೇಳುವವನು ಸುಮ್ಮನೆ ಕೂತು ಕೇಳುತ್ತಿಲ್ಲ ಎಂದು ಗೊತ್ತಾದರೆ ಕೊಡುತ್ತಾರೆ. ಕೇಳುವುದಕ್ಕಿರುವ ಸಂಕೋಚವನ್ನು ಮುಚ್ಚುವಷ್ಟು ದೂರ ಓಡಿದರೆ ಸಾಕು. ನನ್ನ ಅಳಿಯನಿಗೆ ಸಂಕೋಚ ಜಾಸ್ತಿ, ಹಾಗಾಗಿ ಹನ್ನೆರಡು ಗಂಟೆ ಬೇಕಾಯಿತು.

ಅಥವಾ ಕಾರಣ ಅದಲ್ಲವೇನೋ.

ಅಕ್ಕನಿಗೆ ಕಾಯಿಲೆ ಗೊತ್ತಾದಾಗ ಊರಿನಿಂದ ಕರೆತಂದು ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಸಿದ್ದಾಪುರದಿಂದ ಕಿದ್ವಾಯಿ ಹತ್ತಿರ. ಕರೆಂಟು ಕೊಡಿಸಲು ವಾರಕ್ಕೆ ಐದು ದಿನ ಹೋಗಬೇಕು. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಸರದಿಗೆ ಕಾಯುವುದು ಅರ್ಧ ದಿನ. 1973ರಲ್ಲಿ ಶುರುವಾದ ಆ ಆಸ್ಪತ್ರೆಗೆ ಕಲಬುರಗಿ, ರಾಯಚೂರಿನಿಂದ, ಗಡಿಯಾಚೆಯ ಆಂಧ್ರದಿಂದಲೂ ಬರುತ್ತಾರೆ. ರೊಟ್ಟಿಯ ಗಂಟು, ಎಕ್ಸ್‌ರೇ ಕವರು, ಒಂದು ಚಾಪೆ, ಇಷ್ಟೇ ಸಾಮಾನು. ಅಳಿಯ ಆಗ ಕಾಲೇಜು. ಅಮ್ಮನ ಫೈಲು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದ. ಸಂಜೆ ಸ್ವಲ್ಪ ಹಗುರವಾಗಿದ್ದರೆ ಅಕ್ಕ ಲಾಲ್‌ಬಾಗಿಗೆ ಕರೆದುಕೊಂಡು ಹೋಗು ಎನ್ನುತ್ತಿದ್ದಳು. ಕಲ್ಲುಬೆಂಚಿನ ಮೇಲೆ ಕೂತು, ತಲೆಗೆ ಸೆರಗು ಹೊದ್ದು, ಚಡ್ಡಿ ಹಾಕಿಕೊಂಡು ಓಡುವವರನ್ನು ನೋಡುತ್ತಿದ್ದಳು. “ಯಾರೂ ಅಟ್ಟಿಸ್ಕೊಂಡು ಬರದೇ ಹೋದ್ರೂ ಹಿಂಗ್ ಓಡ್ತಾರಲ್ಲೋ” ಎಂದು ಅಚ್ಚರಿಪಡುತ್ತಿದ್ದಳು. ಅವಳು ಹೋದ ಮುಂದಿನ ವರ್ಷ ಮಗ ಅದೇ ದಾರಿಯಲ್ಲಿ ಓಡತೊಡಗಿದ. ಯಾಕೋ ಎಂದು ಒಮ್ಮೆ ಕೇಳಿದ್ದಕ್ಕೆ, “ಆಗ ಕೂತು ಕೂತು ಸಾಕಾಗಿಹೋಗಿತ್ತು ಮಾವ” ಎಂದಿದ್ದ. ನಾನು ಮತ್ತೆ ಕೇಳಲಿಲ್ಲ.

ಓಟದ ರಾತ್ರಿ ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕು, ಶಾಲು ಸಮೇತ ಟ್ರ್ಯಾಕಿನ ಪಕ್ಕ ಕೂತೆ. ಪ್ರತಿಯೊಬ್ಬರಿಗೂ ಒಂದು ಚಿಪ್ಪು. ನೆಲದ ಚಾಪೆಯೊಂದನ್ನು ತುಳಿದ ಕೂಡಲೇ ಪರದೆಯ ಮೇಲೆ ಸುತ್ತಿನ ಲೆಕ್ಕ ಏರುತ್ತದೆ. ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ತಟ್ಟೆ ತುಂಬ ಉಪ್ಪು. ಓಡುವವರು ಆಲೂಗಡ್ಡೆಯನ್ನು ಉಪ್ಪಿಗೆ ಒತ್ತಿ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಬಾಳೆಹಣ್ಣು, ಚಿಕ್ಕಿ, ಮಧ್ಯರಾತ್ರಿಗೆ ಮೊಸರನ್ನ. ಹತ್ತು ಗಂಟೆಗೆ ನಾನು ಪರದೆ ನೋಡಿ 32 ಕಿಲೋಮೀಟರು ಎಂದು ಬರೆದುಕೊಂಡೆ. ಒಂದೂವರೆ ಶುರುವಾಗಬೇಕಲ್ಲ.

ಎರಡು ಗಂಟೆ ದಾಟಿದ ಮೇಲೆ ಓಟವೆಂಬುದು ಹೆಸರಿಗಷ್ಟೇ. ನೆರಳುಗಳು ಕಾಲೆಳೆಯುತ್ತಿದ್ದವು. ಅಳಿಯ ಬಂದು ನನ್ನ ಕಾಲ ಹತ್ತಿರ ಕುಸಿದು ಕೂತು, “ಬ್ಲೇಡ್ ಇದೆಯಾ ಮಾವ?” ಎಂದ. ಎದೆ ಧಸಕ್ಕೆಂದಿತು. ಹೆಬ್ಬೆರಳು ಊದಿ ಶೂವಿನಲ್ಲಿ ಹಿಡಿಸುತ್ತಿರಲಿಲ್ಲ. ಪಕ್ಕದ ಔಷಧಿ ಡಬ್ಬಿಯವರಿಂದ ಬ್ಲೇಡು ಇಸಿದುಕೊಂಡು, ಆ ಹನ್ನೆರಡು ಸಾವಿರದ ಶೂವಿನ ಮೂತಿಯನ್ನು ಮಾವಿನಕಾಯಿ ಹೋಳು ಮಾಡಿದ ಹಾಗೆ ಸೀಳಿದ. ಬೆರಳು ಹೊರಗೆ ಬಂತು. ನೀಲಿಗಟ್ಟಿದ ಉಗುರು. “ಸಾಕೇನೋ, ನರ್ಸರಿ ಸಾಹೇಬರು ಹೇಗೂ ಐನೂರು ಕೊಡ್ತಾರೆ” ಎಂದೆ. ನಕ್ಕ. ಫ್ಲಾಸ್ಕಿನ ಮುಚ್ಚಳದಲ್ಲಿ ಅರ್ಧ ಕಾಫಿ ಕುಡಿದು ಎದ್ದುಹೋದ. ಕಾಯುವ ಬೆಂಚಿನಲ್ಲಿ ಆವತ್ತು ನಾನೊಬ್ಬನೇ ಇದ್ದೆ. ಅವನಿಗೆ ಕೂರಲು ಪುರುಸೊತ್ತಿರಲಿಲ್ಲ.

ಬೆಳಗ್ಗೆ ಆರಕ್ಕೆ 210 ಸುತ್ತು, 84 ಕಿಲೋಮೀಟರು. ವಸೂಲಿಗೆ ಹೊರಟೆ. ಆಟೋ ಹಿರಿಯರು ನನ್ನ ಚೀಟಿ ಇಸಿದುಕೊಂಡು ತಾವೇ ಲೆಕ್ಕ ಹಾಕಿದರು. ಹತ್ತರ ತನಕ 32, ಐದರ ಮೇಲೆ 6, ಒಟ್ಟು 38 ರೂಪಾಯಿ. ನಡುವಿನ 46ಕ್ಕೆ ಒಂದೂವರೆಯಂತೆ 69. ಕೂಡಿದರೆ 107. ನೂರರ ಒಂದು, ಹತ್ತರ ಒಂದು ನೋಟು ಕೊಟ್ಟರು. ನಾನು ಮೂರು ರೂಪಾಯಿಗೆ ಜೇಬು ತಡಕಿದೆ. “ಚಿಲ್ಲರೆ ಇಟ್ಕೊಳ್ಳಿ ಸಾರ್” ಎಂದು ಕೈ ಬೀಸಿದರು. ಆ ಮಾತನ್ನು ಹೇಳಲು ಅವರು ಎಷ್ಟು ವರ್ಷ ಕಾದಿದ್ದರೋ, ಮುಖ ಅರಳಿತ್ತು. ನರ್ಸರಿ ಸಾಹೇಬರು ಎರಡೂ ಲೆಕ್ಕದ್ದನ್ನು ಕೊಟ್ಟು, ಉಗುರಿಗೆ ಹಚ್ಚಲು ಲೋಳೆಸರದ ಕುಂಡವೊಂದನ್ನೂ ಕೊಟ್ಟರು. ‘ಆ ಕಡೆ ಬರಲ್ಲ’ ಎಂದಿದ್ದವನು ಐವತ್ತು ಕೊಟ್ಟ. ಎಲ್ಲ ಸೇರಿ ಶೂ, ಫೀಸು, ಜೆಲ್ಲುಗಳ ಖರ್ಚಿನ ನಾಲ್ಕೈದು ಪಟ್ಟು ಆಗಿತ್ತು. ಹೆಂಡತಿಗೆ ಲೆಕ್ಕ ಒಪ್ಪಿಸಿದೆ. ಲೆಕ್ಕ ಒಪ್ಪಿದಳು, ಸೀಳಿದ ಶೂ ಒಪ್ಪಲಿಲ್ಲ.

ಮುಂದಿನ ಸಲ ಇಪ್ಪತ್ನಾಲ್ಕು ಗಂಟೆಯದಂತೆ. ಸಿದ್ದಾಪುರ, ಅಶೋಕ ಪಿಲ್ಲರು, ಜಯನಗರದ ಆಸುಪಾಸಿನವರಲ್ಲಿ ಒಂದು ವಿನಂತಿ. ರಶೀದಿ ಪುಸ್ತಕ ಹಿಡಿದ, ಕನ್ನಡಕದ, ಬೋಳು ತಲೆಯ ಒಬ್ಬರು ಬಾಗಿಲಿಗೆ ಬಂದರೆ ದಯವಿಟ್ಟು ಲಿಂಕ್ ಕಳಿಸಿ ಎನ್ನಬೇಡಿ. ನಗದು ಕೊಡುವುದಾದರೆ ಎರಡು ಸಾವಿರದೊಳಗೆ ಕೊಡಿ, ಅದನ್ನು ದಾಟಿದ ನಗದಿಗೆ 80ಜಿ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಹೇಗೂ ಆ ರಿಯಾಯಿತಿ ಸಿಗುವುದಿಲ್ಲ; ಅವರು ಎಷ್ಟು ಬೇಕಾದರೂ ಕೊಡಬಹುದು.